ಹಗೇವಿನೊಳಗೆ ಸ್ಪೀಕರ್ ಇಳಿಸಿ ಡೂಮ್ ಆಲ್ಬಂ ಮಾಡಿದ ನನ್ನ ಅನುಭವ

ನಾವು ನುಡಿಸೋದು ಡೂಮ್, ಅಂದರೆ ತೀರಾ ನಿಧಾನದ, ಭಾರವಾದ ಮೆಟಲ್ ಸಂಗೀತ. ಅದನ್ನು ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ರೆಕಾರ್ಡಿಂಗ್ ಮಾಡ್ತೀನಿ ಅಂದಾಗ ಬ್ಯಾಂಡಿನವರೇ ನಂಬಲಿಲ್ಲ. ಕಾಕಾ ಅಂತೂ, "ಹಗೇವಿನ್ಯಾಗ ಜ್ವಾಳ ಇಡ್ತಾರೋ ತಮ್ಮಾ, ಹಾಡು ಇಡ್ತಾರೇನು?" ಅಂದರು. ಈಗ ಆ ಆಲ್ಬಂ ಕೇಳಿದವರೆಲ್ಲ ಯಾವ ರಿವರ್ಬ್ ಪೆಡಲ್ (ಸದ್ದಿಗೆ ಗುಂಗು ಕೊಡುವ ಸಾಧನ) ಅಂತ ಕೇಳ್ತಾರೆ. ಪೆಡಲ್ ಒಂದೂ ಇಲ್ಲ.

ನಾವು ವಿಜಯಪುರದ ಮೂರು ಜನ. ಬ್ಯಾಂಡ್ ಕಟ್ಟಿ ಹನ್ನೊಂದು ವರ್ಷ ಆಯಿತು. ಮೊದಲ ಸಲ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಮಾಡಿಸಿದೆವು. ಬಸ್ಸು, ಊಟ, ವಸತಿ ಸೇರಿ ಅರವತ್ತು ಸಾವಿರದ ಹತ್ತಿರ ಹೋಯಿತು. ಆ ದುಡ್ಡು ಎರಡು ಸೀಸನ್ ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸಿ ಕೂಡಿಟ್ಟಿದ್ದು. ಅಲ್ಲಿಯ ಎಂಜಿನಿಯರ್ ನಮ್ಮ ಅಡಿಸ್ವರವನ್ನೆಲ್ಲ ಕತ್ತರಿಸಿ, ನೀಟಾಗಿ ತೊಳೆದು ಕೊಟ್ಟ. ಮಿಕ್ಸ್ ಕೇಳಿ ನಮ್ಮ ಡ್ರಮ್ಮರ್ ಅತ್ತುಬಿಟ್ಟ.

ಆಮೇಲೆ ಹಳ್ಳಿಯಲ್ಲಿ ಶುರು ಮಾಡಿದೆ. ಮೊದಲು ಇಳಿಸಿದ್ದು ಮಣ್ಣಿನ ಹಗೇವಿಗೆ. ಸುತ್ತ ಸೆಗಣಿ ಸಾರಿಸಿದ್ದು, ಕೆಳಗೆ ಹಳೇ ಹುಲ್ಲು. ಸದ್ದು ಕೌದಿ ಹೊದ್ದು ಮಲಗಿದ ಹಾಗೆ ಸತ್ತುಹೋಯಿತು. ನಾಲ್ಕು ರಾತ್ರಿ ದಂಡ. ಎರಡನೆಯದು ಕಾಕಾನ ವಾಡೆಯ ಮುಂದಿನದು, ಕಲ್ಲು ಕಟ್ಟಿದ್ದು, ಹನ್ನೊಂದೂವರೆ ಅಡಿ ಆಳ. ಬಾಯಿ ತೆಗೆದ ದಿನ ಕಂದೀಲು ಇಳಿಸಿದೆವು. ಅರ್ಧಕ್ಕೇ ಆರಿಹೋಯಿತು. ಒಳಗೆ ಕೆಟ್ಟ ಗಾಳಿ. ದೀಪ ಆರಿದ ಹಗೇವಿಗೆ ಯಾರೂ ಇಳಿಯಬೇಡಿ, ಅದರಿಂದ ಜೀವ ಹೋದವರಿದ್ದಾರೆ. ಎರಡು ದಿನ ತೆರೆದಿಟ್ಟು, ದೀಪ ತಳದಲ್ಲೂ ಉರಿದ ಮೇಲೇ ಇಳಿದೆ.

ದೊಡ್ಡ ಕ್ಯಾಬಿನೆಟ್ ಬಾಯಲ್ಲಿ ಹಿಡಿಸಲಿಲ್ಲ. ಹನ್ನೆರಡು ಇಂಚಿನ ಒಂಟಿ ಸ್ಪೀಕರ್ ಡಬ್ಬಿಯನ್ನು ಬಾವಿ ಹಗ್ಗ ಕಟ್ಟಿ ಬಿಟ್ಟೆವು. ನಾನು ಮೇಲೆ ಕೂತು ಗಿಟಾರಿನ ದಪ್ಪ ತಂತಿಯ ಶ್ರುತಿ ಇಳಿಸುತ್ತಾ ಹೋದೆ. ಇ, ಡಿ, ಸಿ ಸ್ವರಗಳಲ್ಲಿ ಏನೂ ಇಲ್ಲ. ಜಿ ಹತ್ತಿರ ಬಂದಾಗ, ಅಂದರೆ 49 ಹರ್ಟ್ಜ್ ಸುಮಾರು, ಹಗೇವೇ ಹಾಡತೊಡಗಿತು. ಬಾಯಿ ಮುಚ್ಚಿದ ಕಲ್ಲು ನನ್ನ ಅಂಗೈ ಕೆಳಗೆ ನಡುಗುತ್ತಿತ್ತು. ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿ 1971ರಲ್ಲಿ ಶ್ರುತಿಯನ್ನು ಮೂರು ಫ್ರೆಟ್‌ನಷ್ಟು, ಅಂದರೆ ಮೂರು ಅರ್ಧಸ್ವರ, ಇಳಿಸಿದ್ದರು. ನಾವು ಒಂಬತ್ತು ಇಳಿಸಿದೆವು. ಅದಕ್ಕೆ 80 ಗೇಜಿನ ಭಾರೀ ದಪ್ಪ ತಂತಿ ಬೇಕಾಯಿತು. ಅದು ತಂತಿ ಬಿಗಿಯುವ ಕೀಲಿಯ ತೂತಿನಲ್ಲಿ ಹೋಗಲಿಲ್ಲ, ಲೇತ್ ಅಂಗಡಿಯಲ್ಲಿ ಕೊರೆಸಿದೆ.

ಇನ್ನೊಂದು ಲಾಭ ತಾನಾಗೇ ಬಂತು. ಕರೆಂಟಿನ ಗುಂಯ್ ಸದ್ದು 50 ಹರ್ಟ್ಜ್. ವರ್ಷಗಟ್ಟಲೆ ಅದರ ಜತೆ ಗುದ್ದಾಡಿದ್ದೆ. ಈಗ ಜಿ ತಂತಿ ಅದರ ಪಕ್ಕಕ್ಕೇ ಬಂದಿತ್ತು. ಎರಡೂ ಸೇರಿ ಸೆಕೆಂಡಿಗೊಂದು ಅಲೆ ಏಳುತ್ತಿತ್ತು. ಆ ಅಲೆಯನ್ನೇ ತಾಳ ಮಾಡಿ ಒಂದು ಹಾಡು ಕಟ್ಟಿದೆವು, ಹದಿನೇಳು ನಿಮಿಷದ್ದು.

ನಡುವೆ ಕರಡಿ ಮಜಲು ಮೇಳದ ಕರಡಿ ಅನ್ನೋ ಚರ್ಮವಾದ್ಯವನ್ನೂ ಇಳಿಸಿ ನೋಡಿದೆ. ಪೆಟ್ಟು ಜಾಸ್ತಿ, ಎಲ್ಲಾ ಕಲಸಿಹೋಯಿತು. ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಚಂದ, ಹತ್ತು ಚಪ್ಪಾಳೆ ಗದ್ದಲ, ಅಲ್ವಾ? ಆದರೆ ನಿಮಿಷಕ್ಕೆ ಮೂರೇ ಪೆಟ್ಟು ಹೊಡೆಸಿದಾಗ ಮೈ ಜುಮ್ಮೆಂದಿತು. ಅದನ್ನು ಮುಂದಿನ ಆಲ್ಬಂಗೆ ಇಟ್ಟಿದ್ದೇನೆ.

ಮೈಕ್ ಎರಡು. ಒಂದು ಬಾಯಿಂದ ಮೂರು ಅಡಿ ಕೆಳಗೆ. ಎರಡನೆಯದು ಎಲ್ಲಿ, ಅದಕ್ಕೆ ಏನು ಸುತ್ತಿದೆ ಅನ್ನೋದನ್ನ ಸದ್ಯ ಹೇಳಲ್ಲ. ಒಟ್ಟು ಖರ್ಚು ನಾಲ್ಕೂವರೆ ಸಾವಿರ, ಕೇಬಲ್‌ದೇ ಜಾಸ್ತಿ.

ಸುಗ್ಗಿಗೆ ಮುಂಚೆ ಎರಡು ವಾರ ಹಗೇವು ಖಾಲಿ ಇಡ್ತೀನಿ ಅಂತ ಕಾಕಾ ಈ ಸಲ ತಾವೇ ಹೇಳಿದ್ದಾರೆ.