ಲಿಬ್‌ವೆಬ್‌ಪಿ ದೋಷ: ಸಿಸ್ಟಮ್ ಅಪ್‌ಡೇಟ್ ಆದರೂ ಪಿಲ್ಲೋ ಒಳಗೆ ಉಳಿದಿತ್ತು

2023ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಲಿಬ್‌ವೆಬ್‌ಪಿ (ವೆಬ್‌ಪಿ ಚಿತ್ರಗಳನ್ನು ಓದುವ, ಬರೆಯುವ ಲೈಬ್ರರಿ) ದೋಷ ನೆನಪಿದೆ ಅಲ್ವಾ? ಬೇಕಂತಲೇ ಕೆಡಿಸಿದ ಒಂದು ಚಿತ್ರ ತೆರೆದರೆ ಸಾಕು, ಸಂಕುಚಿತ ಚಿತ್ರವನ್ನು ಬಿಡಿಸಲು ಬೇಕಾದ ಹಫ್‌ಮನ್ ಟೇಬಲ್ ಕಟ್ಟುವಾಗ ಅದಕ್ಕೆ ಮೀಸಲಿಟ್ಟ ಮೆಮೊರಿ ದಾಟಿ ಆಚೆಗೂ ಬರೆದುಬಿಡುತ್ತಿತ್ತು. ನಮ್ಮ ಸರ್ವರ್‌ಗೆ ಯಾರು ಬೇಕಾದರೂ ಫೋಟೊ ಹಾಕಬಹುದು, ಹಾಗಾಗಿ ಸುಮ್ನೆ ಬಿಡುವ ಹಾಗಿರಲಿಲ್ಲ. ಉಬುಂಟುವಿನ ಲಿಬ್‌ವೆಬ್‌ಪಿ ಪ್ಯಾಕೇಜ್ ಅಪ್‌ಡೇಟ್ ಮಾಡಿದೆ. ಆದರೂ ದೋಷವಿರುವ ಆವೃತ್ತಿಗಳನ್ನು ಹುಡುಕುವ ಸ್ಕ್ಯಾನರ್ ಎಚ್ಚರಿಸುತ್ತಲೇ ಇತ್ತು.

ಕಾರಣ ಸಿಕ್ಕಿದ್ದು ಪೈಥಾನ್ ಲೈಬ್ರರಿಗಳು ಕೂರುವ ಸೈಟ್-ಪ್ಯಾಕೇಜಸ್ ಫೋಲ್ಡರ್‌ನಲ್ಲಿ. ಪೈಥಾನ್‌ನ ಇನ್‌ಸ್ಟಾಲರ್ ಪಿಪ್‌ನಿಂದ ಹಾಕಿದ ಪಿಲ್ಲೋ (ಪೈಥಾನ್‌ನ ಚಿತ್ರ ಲೈಬ್ರರಿ) ತನ್ನದೇ ಲಿಬ್‌ವೆಬ್‌ಪಿಯನ್ನು ಜೊತೆಗೇ ತರುತ್ತದೆ, ಸಿಸ್ಟಮ್‌ನದ್ದನ್ನು ಮುಟ್ಟುವುದೇ ಇಲ್ಲ. ಪಿಲ್ಲೋ 10.0.1ಕ್ಕೆ ಏರಿಸಿ, ಕಂಟೇನರ್ ಹೊಸದಾಗಿ ಬಿಲ್ಡ್ ಮಾಡಿ, ವರ್ಕರ್‌ಗಳನ್ನು ರೀಸ್ಟಾರ್ಟ್ ಮಾಡಿದೆ. ಪಿಲ್ಲೋದ ಫೀಚರ್ಸ್ ವರದಿಯಲ್ಲಿ ವೆಬ್‌ಪಿ ಮುಂದೆ 1.3.2 ಅಂತ ಕಂಡ ಮೇಲೆಯೇ ಸಮಾಧಾನವಾಯಿತು. ಎಲೆಕ್ಟ್ರಾನ್ ಆ್ಯಪ್‌ಗಳಲ್ಲೂ (ಕ್ರೋಮಿಯಂ ಬ್ರೌಸರನ್ನೇ ಒಳಗಿಟ್ಟುಕೊಂಡ ಡೆಸ್ಕ್‌ಟಾಪ್ ಆ್ಯಪ್‌ಗಳು) ಹೀಗೇ ಒಳಗೊಂದು ಪ್ರತಿ ಇರುತ್ತದೆ, ಅವನ್ನು ಬೇರೆಯಾಗಿಯೇ ನೋಡಬೇಕು.