ಗೋವಿನಜೋಳಕ್ಕೆ ಪತಂಗ ಇಳಿಯುವ ಮೊದಲೇ ಗಾಳಿ ನೋಡಿ

ಮುಂಡಗೋಡ, ಹಳಿಯಾಳ, ಬನವಾಸಿ ಕಡೆ ಗೋವಿನಜೋಳ ಬೆಳೆಯುವವರಿಗೆ ಫಾಲ್ ಸೈನಿಕ ಹುಳು ಹೊಸದೇನಲ್ಲ. ಅಮೆರಿಕ ಮೂಲದ ಈ ಹುಳು ಭಾರತದಲ್ಲಿ ಮೊದಲು ಕಂಡಿದ್ದೇ 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಎಲೆ ತೂತಾದ ಮೇಲೆ ಔಷಧಿ ಅಂಗಡಿಗೆ ಓಡುವ ಬದಲು, ಈ ಹುಳುವಿನ ಮೊಟ್ಟೆ ಇಡುವ ಪತಂಗ ಯಾವಾಗ ಬರಬಹುದು ಅಂತ ಮೊದಲೇ ಅಂದಾಜು ಮಾಡಬಹುದು.

ಮೊದಲು ರಾತ್ರಿಯ ಗಾಳಿ. ಪತಂಗ ಹಾರುವುದು ಕತ್ತಲಾದ ಮೇಲೆ. ನೂರಾರು ಮೀಟರ್ ಮೇಲೇರಿ ಗಾಳಿಯ ಜೊತೆ ಸಾಗುತ್ತದೆ. ಗಾಳಿ ಕೂಡಿಬಂದರೆ ಒಂದೇ ರಾತ್ರಿಗೆ 100 ಕಿ.ಮೀ. ದಾಟೀತು. ಹೀಗಾಗಿ ಅಂಗಳದ ತೆಂಗಿನ ಗರಿ ನೋಡಿದರೆ ಸಾಲದು. ಮೊಬೈಲಿನ ವಿಂಡಿ ಆ್ಯಪಿನಲ್ಲಿ ಎತ್ತರವನ್ನು 900 ಮೀಟರಿಗೆ ಇಟ್ಟು (ಅದು ಸಮುದ್ರಮಟ್ಟದಿಂದ ಲೆಕ್ಕ), ರಾತ್ರಿ ಎಂಟರಿಂದ ಬೆಳಗಿನವರೆಗಿನ ಗಾಳಿ ನೋಡಿ. ಮಳೆಗಾಲದ ಪಡುವಣ ಗಾಳಿ ಬರುವುದು ಸಮುದ್ರದಿಂದ. ಅಲ್ಲಿ ಗೋವಿನಜೋಳ ಬಿತ್ತುವವರು ಯಾರಿದ್ದಾರೆ! ಗಾಳಿ ಮೂಡಣದಿಂದ ಬೀಸತೊಡಗಿದಾಗ ಹುಷಾರಾಗಬೇಕು. ಆ ಕಡೆ ಹಾನಗಲ್ಲು, ಹಾವೇರಿಯ ಹೊಲಗಳಿವೆ. ಹಾಗಂತ ಪಡುವಣ ಗಾಳಿ ಇದ್ದಾಗ ಸುಮ್ನೆ ಕೂರುವಂತಿಲ್ಲ. ನಮ್ಮ ಹವೆಯಲ್ಲಿ ಈ ಹುಳು ವರ್ಷವಿಡೀ ಬದುಕುತ್ತದೆ, ಪಕ್ಕದ ಹೊಲದಿಂದಲೂ ಬರುತ್ತದೆ.

ಆಮೇಲೆ ಮಳೆ. ಜೋರು ಮಳೆಗೆ ಸುಳಿಯೊಳಗೆ ನೀರು ನಿಂತು ಮರಿಹುಳು ಸಾಯುತ್ತವೆ. ನಾಲ್ಕಾರು ದಿನ ಹೊಳವಾಯಿತೋ, ಅವಕ್ಕೆ ಹಬ್ಬ.

ಅಂದಾಜು ಸರಿಯೋ ತಪ್ಪೋ ಹೇಳುವುದು ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆದು ಹಿಡಿಯುವ ಬಲೆ. ಎಕರೆಗೆ ನಾಲ್ಕೈದು ಸಾಕು, ಬೆಳೆಯ ತುದಿಗಿಂತ ತುಸು ಮೇಲಿರಲಿ. ಒಳಗಿಡುವ ವಾಸನೆಯ ಗುಳಿಗೆ (ಲ್ಯೂರ್) ಇದೇ ಹುಳುವಿನದ್ದಾ ಅಂತ ಕೇಳಿಯೇ ತನ್ನಿ. ದಿನಾ ಬೆಳಿಗ್ಗೆ ಬಿದ್ದದ್ದನ್ನು ಎಣಿಸಿ, ಪಕ್ಕದಲ್ಲೇ ಹಿಂದಿನ ರಾತ್ರಿಯ ಗಾಳಿಯ ದಿಕ್ಕು ಬರೆಯಿರಿ. ಬೇರೆ ಪತಂಗಗಳೂ ಬೀಳುತ್ತವೆ. ನಮಗೆ ಬೇಕಾದ ಗಂಡು ಪತಂಗದ ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ.

ಸಂಖ್ಯೆ ಏರಿದ ಕೂಡಲೇ ಹೊಲಕ್ಕೆ ಇಳಿಯಿರಿ. ಎಲೆ ಮಗುಚಿ ನೋಡಿ. ನೂರು, ಇನ್ನೂರು ಮೊಟ್ಟೆ ಒತ್ತಾಗಿ ಅಂಟಿಕೊಂಡು, ಮೇಲೆ ಬೂದು ರೋಮ ಹೊದ್ದಿರುತ್ತವೆ. ಅಲ್ಲೇ ಹೊಸಕಿಬಿಡಿ, ಎರಡು ಮೂರು ದಿನದಲ್ಲಿ ಮರಿಯಾಗುತ್ತವೆ. ತಡವಾದರೆ ಸುಳಿಯಲ್ಲಿ ಒದ್ದೆ ಗರಗಸದ ಪುಡಿಯಂಥ ಹಿಕ್ಕೆ ಕಾಣುತ್ತದೆ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕಿ ಇದ್ದರೆ ಅದೇ.

ಮರಿ ಸಣ್ಣದಿರುವಾಗ 1500 ಪಿಪಿಎಂ ಬೇವಿನ ಔಷಧಿ ಲೀಟರ್ ನೀರಿಗೆ 5 ಮಿ.ಲೀ. ಬೆರೆಸಿ, ಸಂಜೆ ಹೊತ್ತು ಸುಳಿಗೇ ಬೀಳುವಂತೆ ಹೊಡೆಯಿರಿ. ರಾತ್ರಿ ಮಳೆ ಅಂತ ಮುನ್ಸೂಚನೆ ಇದ್ದರೆ ಆ ಸಂಜೆ ಬಿಟ್ಟು ಮರುದಿನ ನೋಡಿ.