ಗ್ರಿನೆಲ್‌ನಂಥ ಸಣ್ಣ ಕಾಲೇಜಿನ ಮೊದಲ ವರ್ಷಕ್ಕೆ ಹೊರಟವರ ಸಿದ್ಧತೆ

ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು ಎಂದಾಗ ನಮ್ಮ ಕಡೆಯ ನೆಂಟರಿಷ್ಟರು ಮೊದಲು ಕೇಳುವುದು, 'ಆರ್ಟ್ಸ್ ಓದುವುದಕ್ಕೆ ಅಷ್ಟು ದೂರ ಹೋಗಬೇಕೇ?' ಎಂದು. ಎಸ್ಸೆಸ್ಸೆಲ್ಸಿ ಮುಗಿದೊಡನೆ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂದು ಮೂರು ದಾರಿಯಾಗಿ ಒಡೆಯುವ ವ್ಯವಸ್ಥೆಯಲ್ಲಿ ಬೆಳೆದವರಿಗೆ ಈ ಅನುಮಾನ ಸಹಜವಾದದ್ದೇ. ಅಲ್ಲಿ ಆ ಹೆಸರಿನ ಕೆಳಗೆ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಅರ್ಥಶಾಸ್ತ್ರ, ಸಂಗೀತ ಎಲ್ಲವೂ ಬರುತ್ತವೆ. ಇಂಟೆಲ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಪದವಿ ಪಡೆದದ್ದು ಅಯೋವಾ ರಾಜ್ಯದ ಗ್ರಿನೆಲ್ ಎಂಬ ಇಂಥದೇ ಒಂದು ಕಾಲೇಜಿನಲ್ಲಿ. ಟ್ರಾನ್ಸಿಸ್ಟರನ್ನು ಅವರು ಮೊದಲು ಕಂಡದ್ದು ಅಲ್ಲಿನ ಭೌತಶಾಸ್ತ್ರದ ಮೇಷ್ಟರಾದ ಗ್ರಾಂಟ್ ಗೇಲ್ ಅವರ ಮೂಲಕ. (ಹಬ್ಬದೂಟಕ್ಕೆಂದು ಪಕ್ಕದ ರೈತನ ಹಂದಿಯನ್ನು ಕದ್ದು, ಒಂದು ಸೆಮಿಸ್ಟರ್ ಕಾಲೇಜಿನಿಂದ ಹೊರಗಿದ್ದವರೂ ಇದೇ ನಾಯ್ಸ್.) ಈ ಬರಹ ಆ ಕಾಲೇಜನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದೆ.

ಗ್ರಿನೆಲ್ ಸ್ಥಾಪನೆಯಾದದ್ದು 1846ರಲ್ಲಿ. ಒಟ್ಟು ವಿದ್ಯಾರ್ಥಿಗಳು ಸುಮಾರು 1,700. ಪ್ರತಿ ವರ್ಷ ಹೊಸದಾಗಿ ಸೇರುವವರು ನಾಲ್ಕುನೂರು ಚಿಲ್ಲರೆ ಮಂದಿ. ಬೆಂಗಳೂರಿನ ದೊಡ್ಡ ಪಿಯು ಕಾಲೇಜೊಂದರ ಐದಾರು ಸೆಕ್ಷನ್ನುಗಳನ್ನು ಒಟ್ಟು ಮಾಡಿದರೆ ಇಷ್ಟು ಜನ ಆಗುತ್ತಾರೆ. ಊರಿನ ಜನಸಂಖ್ಯೆಯೇ ಹತ್ತು ಸಾವಿರಕ್ಕಿಂತ ಕಡಿಮೆ, ಸುತ್ತ ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಹೊಲಗಳು. ಇಂಥ ಕಡೆ ಮುಖ ಮರೆಸಿಕೊಂಡು ನಾಲ್ಕು ವರ್ಷ ಕಳೆಯುವುದು ಸಾಧ್ಯವಿಲ್ಲ. ಸಿದ್ಧತೆಯನ್ನೂ ಅದಕ್ಕೆ ತಕ್ಕಂತೆ ಮಾಡಿಕೊಳ್ಳಬೇಕಾಗುತ್ತದೆ.

ಮೊದಲು ನಿಮ್ಮ ಹೆಸರನ್ನು ಸರಿಮಾಡಿಕೊಳ್ಳಿ. ಹಳೇ ಮೈಸೂರಿನ ಕಡೆಯ ಮಕ್ಕಳ ಅಂಕಪಟ್ಟಿಯಲ್ಲಿ ಹೆಸರು 'ಮಾನಸ ಎಚ್. ಆರ್.' ಎಂಬಂತೆ ಇರುತ್ತದೆ: ಎಚ್ ಎಂದರೆ ಊರು, ಆರ್ ಎಂದರೆ ತಂದೆ. ಪಾಸ್‌ಪೋರ್ಟ್ ಮಾಡಿಸುವಾಗ ಈ ಇನಿಷಿಯಲ್‌ಗಳನ್ನು ಬಿಡಿಸಿ ಬರೆದು, ಎಲ್ಲವನ್ನೂ ಹೆಸರಿನ ಕಾಲಮ್ಮಿಗೇ ತುಂಬಿ, ಸರ್‌ನೇಮ್ ಕಾಲಮ್ಮನ್ನು ಖಾಲಿ ಬಿಡುವ ಮನೆಗಳು ಬಹಳ. ಹಾಗೆ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂಬ ಮೂರಕ್ಷರ ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದು ಅದರ ಅರ್ಥ. ಆಮೇಲೆ ಬ್ಯಾಂಕಿನವರು, ವಿಮಾನದ ಟಿಕೆಟಿನವರು ನಿಮ್ಮನ್ನು 'ಫ್ನೂ' ಎಂದು ಕರೆದರೆ ಅವರದೇನೂ ತಪ್ಪಿಲ್ಲ. ಸಮಯವಿದ್ದರೆ, ಕಾಲೇಜಿನವರು ಐ-20 ಪತ್ರ (ಸೀಟು ಸಿಕ್ಕಿದೆ ಎಂದು ಕಾಲೇಜು ಕೊಡುವ, ವೀಸಾಕ್ಕೆ ಬೇಕಾದ ದಾಖಲೆ) ತಯಾರಿಸುವ ಮೊದಲೇ ಪಾಸ್‌ಪೋರ್ಟನ್ನು ಸರ್‌ನೇಮ್ ಸಹಿತ ಮರುಮುದ್ರಣ ಮಾಡಿಸಿಕೊಳ್ಳಿ. ಸಮಯವಿಲ್ಲದಿದ್ದರೆ ಎಲ್ಲ ದಾಖಲೆಗಳಲ್ಲೂ ಒಂದೇ ರೂಪ ಇರುವಂತೆ ನೋಡಿಕೊಂಡು, ತರಗತಿಯ ಪಟ್ಟಿಯಲ್ಲಿ ಯಾವ ಹೆಸರು ಬರಬೇಕೆಂಬುದನ್ನು ಕಾಲೇಜಿಗೆ ಬೇರೆಯಾಗಿ ಬರೆದು ತಿಳಿಸಿ.

ಐ-20 ಕೈಸೇರಿದ ಮೇಲಿನ ಕೆಲಸಗಳನ್ನು ಈಗಾಗಲೇ ಹಲವರು ವಿವರಿಸಿದ್ದಾರೆ: ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ದಾಖಲೆ) ಶುಲ್ಕ 350 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್, ಬಳಿಕ ಸಂದರ್ಶನ. ಕೋರ್ಸ್ ಆರಂಭವಾಗುವ ದಿನಕ್ಕಿಂತ 30 ದಿನಕ್ಕೂ ಮುಂಚೆ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಹೊಸಬರಿಗೆ ಆ ದೇಶದೊಳಗೆ ಪ್ರವೇಶ ಇಲ್ಲದಿರುವುದರಿಂದ, ಟಿಕೆಟ್ ಕೊಳ್ಳುವ ಮುನ್ನ ಆ ಲೆಕ್ಕ ಹಾಕಿಕೊಳ್ಳಿ. ಹೆಚ್ಚು ಜನ ಮರೆಯುವುದು ಲಸಿಕೆಯ ವಿಷಯವನ್ನು. ಕಾಲೇಜಿನ ಆರೋಗ್ಯ ನಮೂನೆ ಸಾಮಾನ್ಯವಾಗಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯ ಎರಡು ಡೋಸ್ ಕೇಳುತ್ತದೆ. ನಮ್ಮ ಅನೇಕ ಮಕ್ಕಳು ಚಿಕ್ಕಂದಿನಲ್ಲಿ ದಡಾರದ ಲಸಿಕೆಯನ್ನಷ್ಟೇ ಹಾಕಿಸಿಕೊಂಡಿರುತ್ತಾರೆ. ಎರಡು ಡೋಸ್‌ಗಳ ನಡುವೆ ಕನಿಷ್ಠ 28 ದಿನ ಇರಬೇಕಾದ್ದರಿಂದ ಜುಲೈ ಕೊನೆಯಲ್ಲಿ ಎಚ್ಚೆತ್ತುಕೊಂಡರೆ ಪ್ರಯೋಜನವಿಲ್ಲ. ಕ್ಷಯರೋಗದ ಪರೀಕ್ಷೆಯನ್ನೂ ಕೇಳಿದ್ದರೆ, ಚರ್ಮದ ಪರೀಕ್ಷೆಯ ಬದಲು ರಕ್ತಪರೀಕ್ಷೆ ಆಗಬಹುದೇ ಎಂದು ವಿಚಾರಿಸಿ, ಏಕೆಂದರೆ ಹುಟ್ಟಿದಾಗ ಕ್ಷಯದ ಬಿಸಿಜಿ ಲಸಿಕೆ ಹಾಕಿಸಿಕೊಂಡವರ ಚರ್ಮದ ಪರೀಕ್ಷೆ, ರೋಗವಿಲ್ಲದಿದ್ದರೂ ಇದೆ ಎಂಬಂತೆ ತೋರಿಸುವುದುಂಟು.

ಬೇಸಿಗೆಯಲ್ಲಿ ನೀವು ಕುಳಿತು ಮಾಡಬೇಕಾದ ನಿಜವಾದ ಕೆಲಸ ಬೇರೆಯೇ ಇದೆ. ಗ್ರಿನೆಲ್‌ನಲ್ಲಿ ಎಲ್ಲರಿಗೂ ಕಡ್ಡಾಯವಾದ ಕೋರ್ಸ್ ಒಂದೇ ಒಂದು, ಅದು ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್. ನಮ್ಮಲ್ಲಿ ಟ್ಯುಟೋರಿಯಲ್ ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರು ಮತ್ತೆ ಪರೀಕ್ಷೆ ಕಟ್ಟಲು ಹೋಗುವ ಜಾಗ. ಅಲ್ಲಿ ಅದು ಹನ್ನೆರಡು ಮಂದಿಯ ಆಸುಪಾಸಿನ ಒಂದು ಸಣ್ಣ ತರಗತಿ. ಯಾವುದೋ ಒಂದು ವಿಷಯವನ್ನು ನೆಪವಾಗಿಟ್ಟುಕೊಂಡು ಓದುವುದು, ವಾದಿಸುವುದು, ಬರೆಯುವುದು ಹೇಗೆಂದು ಕಲಿಸುತ್ತಾರೆ. ಕಾಲೇಜು ಕಳಿಸುವ ಹಲವಾರು ವಿಷಯಗಳ ಪಟ್ಟಿಯಿಂದ ನಿಮ್ಮ ಆದ್ಯತೆಗಳನ್ನು ತಿಳಿಸಬೇಕು. ಕಂಪ್ಯೂಟರ್ ಸೈನ್ಸ್ ಓದಬೇಕೆಂದಿರುವವರು ಕಂಪ್ಯೂಟರಿಗೆ ಹತ್ತಿರದ ವಿಷಯವನ್ನೇ ಹುಡುಕುವುದು ರೂಢಿ. ನನ್ನ ಮಟ್ಟಿಗೆ ಅದು ಸರಿಯಲ್ಲ. ಆ ವಿಷಯ ಹೇಗೂ ಮುಂದೆ ನಾಲ್ಕು ವರ್ಷ ಇರುತ್ತದೆ. ವಿವರಣೆಯನ್ನು ಓದುವಾಗ ಊಟಕ್ಕೆ ಕರೆದರೂ ಏಳಲು ಮನಸ್ಸಾಗದಂಥ ವಿಷಯ ಯಾವುದೋ ಅದನ್ನು ಆರಿಸಿಕೊಳ್ಳಿ. ಆ ಟ್ಯುಟೋರಿಯಲ್ ನಡೆಸುವ ಪ್ರಾಧ್ಯಾಪಕರೇ, ನೀವು ಮೇಜರ್ (ಪದವಿಯ ಮುಖ್ಯ ವಿಷಯ) ಘೋಷಿಸುವವರೆಗೆ ನಿಮ್ಮ ಸಲಹೆಗಾರರೂ ಆಗಿರುತ್ತಾರೆ ಎಂಬುದು ಈ ಆಯ್ಕೆಗೆ ತೂಕ ತರುವ ಇನ್ನೊಂದು ಕಾರಣ.

ಪದವಿಗೆ ಬೇಕಾದದ್ದು 124 ಕ್ರೆಡಿಟ್. ಒಂದೊಂದು ಕೋರ್ಸಿಗೆ ಸಾಮಾನ್ಯವಾಗಿ ನಾಲ್ಕು ಕ್ರೆಡಿಟ್‌ನಂತೆ ಸೆಮಿಸ್ಟರಿಗೆ ನಾಲ್ಕು ಕೋರ್ಸು ಬರುತ್ತವೆ. 'ಆರು ವಿಷಯ ಓದಿ ಅಭ್ಯಾಸವಿರುವವನಿಗೆ ನಾಲ್ಕು ಯಾವ ಮಹಾ?' ಎಂದು ಐದನೆಯದಕ್ಕೆ ಕೈ ಹಾಕಬೇಡಿ. ಟ್ಯುಟೋರಿಯಲ್, ಗಣಿತ ಅಥವಾ ಒಂದು ವಿಜ್ಞಾನ, ಒಂದು ಭಾಷೆ, ಹಿಂದೆಂದೂ ಕೇಳಿರದ ಒಂದು ವಿಷಯ: ಮೊದಲ ಸೆಮಿಸ್ಟರಿಗೆ ಇಷ್ಟು ಸಾಕು. ಬೇರೆ ಕಡ್ಡಾಯ ಕೋರ್ಸುಗಳಿಲ್ಲ ಎಂದಮಾತ್ರಕ್ಕೆ ಮುಂದಾಲೋಚನೆ ಬೇಡವೆಂದಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಒಂದು ಕೋರ್ಸಿನ ಮೇಲೆ ಮತ್ತೊಂದು ನಿಂತಿರುವುದರಿಂದ, ಆ ಕಡೆ ಒಲವಿರುವವರು ಮೊದಲ ವರ್ಷದಲ್ಲೇ ಶುರುಮಾಡುವುದು ಒಳ್ಳೆಯದು.

ತರಗತಿ ನಡೆಯುವ ಬಗೆಯನ್ನು ಮುಂಚೆಯೇ ಮನಸ್ಸಿಗೆ ತಂದುಕೊಳ್ಳಿ. ಒಂದು ಮೇಜು, ಸುತ್ತ ಹನ್ನೆರಡು ಕುರ್ಚಿ. ಹಿಂದಿನ ರಾತ್ರಿ ಓದಿಕೊಂಡು ಬರಲು ನಲವತ್ತು ಪುಟ ಕೊಟ್ಟಿರುತ್ತಾರೆ. ಪ್ರಾಧ್ಯಾಪಕರು ಪಾಠ ಮಾಡುವ ಬದಲು, 'ಈ ಲೇಖಕರ ಮಾತು ನಿಮಗೆ ಒಪ್ಪಿಗೆಯಾಯಿತೇ?' ಎಂದು ಕೇಳಿ ಸುಮ್ಮನಾಗುತ್ತಾರೆ. ಹೆಸರು ಹಿಡಿದು ಕರೆದಾಗ ಎದ್ದುನಿಂತು ಸರಿಯುತ್ತರ ಹೇಳಿ ಕೂರುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಸರಿಯುತ್ತರವೂ ಒಂದೇ ಇರುವುದಿಲ್ಲ. ಇದಕ್ಕೆ ಸುಲಭದ ಉಪಾಯವೊಂದಿದೆ. ಓದುವಾಗ ಅರ್ಥವಾಗದ ಒಂದು ಜಾಗವನ್ನು ಗುರುತು ಮಾಡಿಕೊಂಡು, ಪುಟದ ಸಂಖ್ಯೆಯ ಸಮೇತ ಒಂದು ಪ್ರಶ್ನೆಯನ್ನು ಅಂಚಿನಲ್ಲಿ ಬರೆದುಕೊಳ್ಳಿ. ಮೊದಲ ಹತ್ತು ನಿಮಿಷದೊಳಗೆ ಅದನ್ನು ಕೇಳಿಬಿಡಿ. ತಡಮಾಡಿದಷ್ಟೂ ಬಾಯಿ ಕಟ್ಟುತ್ತದೆ, ನಿಮ್ಮ ಪ್ರಶ್ನೆಯನ್ನು ಬೇರೆಯವರು ಕೇಳಿಯೂ ಬಿಡುತ್ತಾರೆ.

'ಆಫೀಸ್ ಅವರ್ಸ್' ಎಂಬುದನ್ನೂ ತಪ್ಪು ತಿಳಿಯಬಾರದು. ಸ್ಟಾಫ್ ರೂಮಿಗೆ ಕರೆದರು ಎಂದರೆ ನಮ್ಮಲ್ಲಿ ಎದೆ ಢವಗುಟ್ಟುತ್ತದೆ. ಅಲ್ಲಿ ವಾರದ ಆ ಗೊತ್ತಾದ ವೇಳೆಯಲ್ಲಿ ಪ್ರಾಧ್ಯಾಪಕರು ಬಾಗಿಲು ತೆರೆದು ಕೂರುವುದೇ ನೀವು ಬರಲೆಂದು. ಮೊದಲ ಎರಡು ವಾರದೊಳಗೆ ನಾಲ್ಕೂ ಮಂದಿಯನ್ನು ಒಮ್ಮೊಮ್ಮೆ ಕಂಡುಬನ್ನಿ, ಕೇಳಲು ದೊಡ್ಡದೇನೂ ಇಲ್ಲದಿದ್ದರೂ ಸರಿ. ಸಂಬೋಧನೆಯಲ್ಲಿ ಬರಿಯ 'ಸರ್', 'ಮೇಡಂ' ಬೇಡ. ಅವರಾಗಿಯೇ ಬೇರೆ ರೀತಿ ಕರೆಯಲು ಹೇಳುವವರೆಗೆ 'ಪ್ರೊಫೆಸರ್' ಎಂಬುದರ ನಂತರ ಅವರ ಕುಲನಾಮ ಸೇರಿಸಿ.

ಬರವಣಿಗೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಗೈಡಿನ ಉತ್ತರವನ್ನು ಅಕ್ಷರಕ್ಷರ ಒಪ್ಪಿಸಿದವರಿಗೆ ಪೂರ್ಣಾಂಕ ಕೊಟ್ಟ ಪರೀಕ್ಷೆಗಳಿಂದ ನೀವು ಬರುತ್ತಿದ್ದೀರಿ. ಅದನ್ನೇ ಅಲ್ಲಿ ಮಾಡಿದರೆ ಕೃತಿಚೌರ್ಯವಾಗುತ್ತದೆ ಮತ್ತು ಶಿಸ್ತಿನ ವಿಚಾರಣೆ ಎದುರಿಸಬೇಕಾಗುತ್ತದೆ. ಬೇರೆಯವರ ವಾಕ್ಯವಿದ್ದರೆ ಉದ್ಧರಣ ಚಿಹ್ನೆ ಮತ್ತು ಮೂಲ ಎರಡನ್ನೂ ಕೊಡಿ. ಅವರ ವಿಚಾರವನ್ನು ನಿಮ್ಮ ಮಾತಿನಲ್ಲಿ ಹೇಳಿದರೂ ಮೂಲವನ್ನು ಹೇಳಲೇಬೇಕು. ಕರಡನ್ನು ಗಡುವಿಗೆ ನಾಲ್ಕು ದಿನ ಮುಂಚೆ ಮುಗಿಸಿ, ಅದನ್ನು ಓದಿ ಸಲಹೆ ಕೊಡುವ ಕಾಲೇಜಿನ ಬರವಣಿಗೆ ಕೇಂದ್ರಕ್ಕೆ ಒಯ್ಯಿರಿ. ಅಲ್ಲಿಗೆ ಹೋಗುವವರು ದಡ್ಡರು ಎಂಬ ಭಾವನೆ ಇದ್ದರೆ ಅದನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಬಿಟ್ಟುಹೋಗಿ.

ಇನ್ನು ಸಾಮಾನಿನ ವಿಷಯ. ಜನವರಿಯಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ದಿನಗಳಿರುತ್ತವೆ. ಅದಕ್ಕೆ ಬೇಕಾದ ಕೋಟು, ಬೂಟು ನಮ್ಮ ಪೇಟೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಅಲ್ಲಿಯೇ ಅಕ್ಟೋಬರಿನೊಳಗೆ ಕೊಂಡುಕೊಳ್ಳಿ. ಚಟ್ನಿಪುಡಿ, ಸಾರಿನಪುಡಿ ಒಯ್ಯುವುದಾದರೆ ಕಸ್ಟಮ್ಸ್ ಅಧಿಕಾರಿಗಳಿಗೆ ತಿಂಡಿ ಪದಾರ್ಥ ಇದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಹಾಸ್ಟೆಲ್ಲಿನ ನಿಯಮ ಓದದೆ ಅಮ್ಮನಿಂದ ರೈಸ್ ಕುಕ್ಕರ್ ಕಟ್ಟಿಸಿಕೊಳ್ಳಬೇಡಿ.

ಕೈಖರ್ಚಿಗೆ ಕ್ಯಾಂಪಸ್ಸಿನೊಳಗೆ ಕೆಲಸ ಮಾಡಲು ಎಫ್-1 ವೀಸಾ ಒಪ್ಪುತ್ತದೆ, ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿಯಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಎಂಟು ಗಂಟೆ ಮೀರದಿರುವುದು ಕ್ಷೇಮ. ಊಟದ ಹಾಲಿನಲ್ಲಿ ತಟ್ಟೆ ಎತ್ತುವ ಕೆಲಸ ಸಿಕ್ಕಿದರೆ ಮನೆಯವರು ನೊಂದುಕೊಳ್ಳುವುದು ಬೇಡ. ನಿಮ್ಮ ವರ್ಷದ ಮುಕ್ಕಾಲು ಪಾಲು ಜನರ ಹೆಸರು ಬೇಗನೆ ಗೊತ್ತಾಗುವುದು ಅಲ್ಲಿಯೇ. ನವೆಂಬರಿನಲ್ಲಿ ಮುಂದಿನ ಸೆಮಿಸ್ಟರಿನ ಕೋರ್ಸುಗಳಿಗೆ ನೋಂದಣಿ ಬರುತ್ತದೆ. ಸಲಹೆಗಾರರ ಬಳಿಗೆ ಹೋಗುವಾಗ ಕೈಯಲ್ಲಿ ಆರೇಳು ಕೋರ್ಸುಗಳ ಪಟ್ಟಿ ಇರಲಿ, ಒಂದೊಂದರ ಮುಂದೆ ಅದು ಏಕೆ ಬೇಕೆಂದು ಒಂದು ಸಾಲು ಬರೆದಿರಲಿ. 'ನೀವೇ ಹೇಳಿ ಪ್ರೊಫೆಸರ್' ಎಂದು ಕುಳಿತರೆ ಅವರು ಮರುಪ್ರಶ್ನೆ ಹಾಕಿ, ಅದೇ ಪಟ್ಟಿಯನ್ನು ಮಾಡಿಕೊಂಡು ಬರಲು ವಾಪಸು ಕಳಿಸುತ್ತಾರೆ.